ಗೇಮಿಂಗ್ ಕಂಪ್ಯೂಟರಿನಲ್ಲಿ ಫ್ರೇಮ್ ರೇಟ್ ಕುಸಿತ: ದೋಷ ಹುಡುಕುವ ಕ್ರಮ

“ಗೇಮ್ ಲ್ಯಾಗ್ ಆಗ್ತಿದೆ” ಎಂಬ ಒಂದೇ ದೂರಿನ ಹಿಂದೆ ಬೇರೆ ಬೇರೆ ಕಾಯಿಲೆಗಳಿರುತ್ತವೆ. ಫ್ರೇಮ್ ರೇಟ್, ಅಂದರೆ ತೆರೆಯ ಮೇಲೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಮೊದಲ ನಿಮಿಷದಿಂದಲೇ ಕಡಿಮೆ ಇರುವುದು ಒಂದು. ಸರಾಸರಿ ಚೆನ್ನಾಗಿದ್ದೂ ನಡುನಡುವೆ ಚಿತ್ರ ಗಕ್ಕನೆ ನಿಲ್ಲುವುದು ಇನ್ನೊಂದು. ಅರ್ಧ ಗಂಟೆ ಸರಾಗವಾಗಿ ಓಡಿ ಆಮೇಲೆ ಕುಸಿಯುವುದು ಮತ್ತೊಂದು. ಚಿತ್ರವೆಲ್ಲ ನಯವಾಗಿಯೇ ಇದ್ದು ಎದುರಾಳಿ ಮಾತ್ರ ಅಲ್ಲಿಂದಿಲ್ಲಿಗೆ ಜಿಗಿಯುತ್ತಿದ್ದರೆ ಅದು ಇಂಟರ್ನೆಟ್ ಸಂಪರ್ಕದ ತೊಂದರೆ. ಪಿಂಗ್ (ಸರ್ವರಿಗೆ ಹೋಗಿಬರಲು ಹಿಡಿಯುವ ಸಮಯ) ಮತ್ತು ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋಗುವ ಮಾಹಿತಿ) ನೋಡಬೇಕೇ ಹೊರತು, ಗ್ರಾಫಿಕ್ಸ್ ಸೆಟ್ಟಿಂಗ್ ಎಷ್ಟು ಇಳಿಸಿದರೂ ಅದು ಹೋಗುವುದಿಲ್ಲ. ಯಾವ ಕಾಯಿಲೆ ಎಂದು ತಿಳಿಯದೆ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ) ಅಳಿಸುವುದು, ವಿಂಡೋಸ್ ಹೊಸದಾಗಿ ಹಾಕುವುದು, ಕಾರ್ಡ್ ಬದಲಿಸುವುದು ಎಲ್ಲವೂ ಕತ್ತಲಲ್ಲಿ ಕಲ್ಲೆಸೆದಂತೆ.

ಒಂದು ಫ್ರೇಮ್ ತೆರೆಯ ಮೇಲೆ ಬರುವ ದಾರಿಯನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಮೊದಲು ಪ್ರೊಸೆಸರ್ ಆಟದ ಲೆಕ್ಕ ಮುಗಿಸುತ್ತದೆ: ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ತಾಗಿತು, ಏನೇನು ಬಿಡಿಸಬೇಕು. ಆ ಪಟ್ಟಿಯನ್ನು ಪಡೆದು ಗ್ರಾಫಿಕ್ಸ್ ಕಾರ್ಡ್ ಚಿತ್ರ ಬಿಡಿಸುತ್ತದೆ. ಇಬ್ಬರಿಗೂ ಬೇಕಾದ ಸಾಮಗ್ರಿ ಡಿಸ್ಕ್, ರ‍್ಯಾಮ್, ವಿಡಿಯೋ ಮೆಮೊರಿಗಳಿಂದ ಸಮಯಕ್ಕೆ ಸರಿಯಾಗಿ ಬರುತ್ತಿರಬೇಕು. ಒಂದು ಕಡೆ ತಡವಾದರೆ ಉಳಿದವರೆಲ್ಲ ಕೈಕಟ್ಟಿ ಕೂರುತ್ತಾರೆ. ಎಲ್ಲರೂ ಯಾರಿಗಾಗಿ ಕಾಯುತ್ತಿದ್ದಾರೆ ಎಂಬುದನ್ನು ಪತ್ತೆ ಹಚ್ಚುವುದೇ ಇಲ್ಲಿನ ಕೆಲಸ.

ಮೊದಲು ಅಳತೆ

ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೇ ಬರುವ ರಿವಾಟ್ಯೂನರ್ ಎಂಬ ಅಳತೆಯ ತಂತ್ರಾಂಶಗಳನ್ನು ಹಾಕಿಕೊಳ್ಳಿ. ಯಾವ ಕಂಪನಿಯ ಕಾರ್ಡ್ ಆದರೂ ಇವು ಕೆಲಸ ಮಾಡುತ್ತವೆ. ತೆರೆಯ ಮೂಲೆಯಲ್ಲಿ ಕಾಣಬೇಕಾದವು ಇವು: ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್), ಫ್ರೇಮ್ ಟೈಮ್ (ಒಂದು ಫ್ರೇಮಿಗೆ ಹಿಡಿದ ಸಮಯ) ಗ್ರಾಫ್, ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಜಿಪಿಯು ಕ್ಲಾಕ್ (ಅದು ಓಡುವ ವೇಗ), ತಾಪ, ವಿದ್ಯುತ್ ಬಳಕೆ, ವಿಡಿಯೋ ಮೆಮೊರಿ, ಪ್ರೊಸೆಸರಿನ ಪ್ರತಿ ಥ್ರೆಡ್ಡಿನ (ಏಕಕಾಲಕ್ಕೆ ನಡೆಯುವ ಕೆಲಸದ ಒಂದೊಂದು ಸಾಲಿನ) ಬಳಕೆ, ಪ್ರೊಸೆಸರ್ ಕ್ಲಾಕ್, ರ‍್ಯಾಮ್ ಬಳಕೆ. ಹಿನ್ನೆಲೆಯಲ್ಲಿ ಎಚ್‌ಡಬ್ಲ್ಯುಇನ್ಫೋ ಓಡುತ್ತಿದ್ದರೆ ಸೆನ್ಸರುಗಳ ಗರಿಷ್ಠ, ಕನಿಷ್ಠ ಅಂಕಿಗಳೂ ಸಿಗುತ್ತವೆ.

ಎಫ್‌ಪಿಎಸ್‌ಗಿಂತ ಫ್ರೇಮ್ ಟೈಮ್ ಹೆಚ್ಚು ನಂಬಿಕಸ್ಥ. 60 ಎಫ್‌ಪಿಎಸ್ ಎಂದರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್, 144 ಎಂದರೆ 6.9, 240 ಎಂದರೆ 4.2. ಸರಾಸರಿ 90 ಇರುವ ಆಟದಲ್ಲಿ ಹತ್ತು ಸೆಕೆಂಡಿಗೊಮ್ಮೆ ಚಿತ್ರ 150 ಮಿಲಿಸೆಕೆಂಡ್ ನಿಂತರೆ ಕಣ್ಣಿಗೆ ರಾಚುತ್ತದೆ, ಆದರೆ ಸರಾಸರಿ ಇಳಿಯುವುದು ಸುಮಾರು 89ಕ್ಕೆ ಮಾತ್ರ. ಆದ್ದರಿಂದ ಸರಾಸರಿಯ ಜೊತೆಗೆ “1% ಲೋ” ಅಂಕಿಯನ್ನೂ ಬರೆದುಕೊಳ್ಳಿ. ಅತಿ ನಿಧಾನವಾದ ನೂರಕ್ಕೊಂದು ಪಾಲು ಫ್ರೇಮುಗಳು ಹೇಗಿದ್ದವು ಎಂಬುದನ್ನು ಅದು ಹೇಳುತ್ತದೆ.

ಆಟದೊಳಗೇ ಬೆಂಚ್‌ಮಾರ್ಕ್ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಮತ್ತೆ ಮತ್ತೆ ಲೋಡ್ ಮಾಡಬಹುದಾದ ಒಂದು ಸೇವ್ ಆರಿಸಿ, ಒಂದೇ ದಾರಿಯಲ್ಲಿ 60ರಿಂದ 90 ಸೆಕೆಂಡ್ ಓಡಿ, ಮೂರು ಸಲ ಅಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ಎಂದಿಗೂ ತಿಳಿಯದು, ಮುಂದಿನ ಸಲ ಮತ್ತೆ ಮೊದಲಿಂದ ಹುಡುಕಬೇಕಾಗುತ್ತದೆ.

ಕ್ಯಾಬಿನೆಟ್ ಬಿಚ್ಚುವ ಮುನ್ನ

ಇಲ್ಲಿರುವ ಪರೀಕ್ಷೆಗಳಿಗೆ ಹತ್ತು ನಿಮಿಷ ಸಾಕು. ಇವನ್ನು ಬಿಟ್ಟು ಮುಂದೆ ಹೋದವರು ದಿನಗಟ್ಟಲೆ ಸುತ್ತಿ ಕೊನೆಗೆ ಇಲ್ಲಿಗೇ ಬರುತ್ತಾರೆ.

ಮಾನಿಟರ್ ಕೇಬಲ್ ಎಲ್ಲಿ ಸಿಕ್ಕಿಸಿದೆ ನೋಡಿ. ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಯಲ್ಲಿದ್ದರೆ ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸ್ ಮೂಲಕ ಚಿತ್ರ ಬರುತ್ತಿರುತ್ತದೆ. ಕೆಳಗೆ ಅಡ್ಡವಾಗಿರುವ ಕಾರ್ಡಿನ ಕಿಂಡಿಗೇ ಹಾಕಿ. ನಂತರ ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲಿ ರಿಫ್ರೆಶ್ ರೇಟ್ (ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ) ನೋಡಿ. 144 ಹರ್ಟ್ಸ್ ಮಾನಿಟರ್ ಕೊಂಡು 60ರಲ್ಲೇ ಬಿಟ್ಟಿರುವುದು ತೀರಾ ಸಾಮಾನ್ಯ, ಡ್ರೈವರ್ ಬದಲಾದಾಗಲೂ ಒಮ್ಮೊಮ್ಮೆ ಅದು 60ಕ್ಕೆ ಮರಳಿರುತ್ತದೆ.

ಎಫ್‌ಪಿಎಸ್ ಒಂದೇ ಅಂಕಿಗೆ, ಅಂದರೆ 30, 60 ಅಥವಾ 72ಕ್ಕೆ, ಅಂಟಿಕೊಂಡಂತೆ ಕಂಡರೆ ಅದು ದೋಷವಲ್ಲ, ಎಲ್ಲೋ ಮಿತಿ ಹಾಕಿದೆ. ಮಿತಿ ಮೂರು ಕಡೆ ಇರಬಹುದು: ಆಟದ ಸೆಟ್ಟಿಂಗ್, ಡ್ರೈವರಿನ ಕಂಟ್ರೋಲ್ ಪ್ಯಾನೆಲ್, ರಿವಾಟ್ಯೂನರ್. ಮೂರನ್ನೂ ನೋಡಿ. ವಿ-ಸಿಂಕ್, ಅಂದರೆ ಫ್ರೇಮುಗಳನ್ನು ಮಾನಿಟರಿನ ರಿಫ್ರೆಶ್ ರೇಟಿಗೆ ಹೊಂದಿಸುವ ಸೆಟ್ಟಿಂಗ್, ಬೇರೆಯದೇ ಕಥೆ. 60 ಹರ್ಟ್ಸ್ ತೆರೆಯಲ್ಲಿ ಡಬಲ್ ಬಫರ್ (ಎರಡೇ ಫ್ರೇಮ್ ಹಿಡಿಯುವ) ವಿ-ಸಿಂಕ್ ಇದ್ದು ಒಂದು ಫ್ರೇಮ್ 16.7 ಮಿಲಿಸೆಕೆಂಡಿಗೆ ಸಿದ್ಧವಾಗದೆ 17 ತೆಗೆದುಕೊಂಡರೆ, ಮುಂದಿನ ಸರದಿಗೆ, ಅಂದರೆ 33.3ಕ್ಕೆ, ಕಾಯಬೇಕು. ಕಾರ್ಡಿಗೆ 58 ಕೊಡುವ ಶಕ್ತಿಯಿದ್ದರೂ ತೆರೆಯಲ್ಲಿ 30 ಕಾಣುವುದು ಇದರಿಂದ. ಪರೀಕ್ಷೆಯ ಹೊತ್ತಿಗೆ ವಿ-ಸಿಂಕ್ ಆರಿಸಿಬಿಡಿ.

ಲ್ಯಾಪ್‌ಟಾಪ್ ಆದರೆ ಅದರ ಜೊತೆ ಬಂದ ಚಾರ್ಜರಿನಲ್ಲೇ ಓಡಿಸಿ, ತಯಾರಕರ ಆ್ಯಪಿನಲ್ಲಿ ಪರ್ಫಾರ್ಮೆನ್ಸ್ ಮೋಡ್ ಹಾಕಿ. ಬ್ಯಾಟರಿಯಲ್ಲಿ ಯಾವ ಗೇಮಿಂಗ್ ಲ್ಯಾಪ್‌ಟಾಪೂ ಪೂರ್ಣ ಶಕ್ತಿ ಕೊಡುವುದಿಲ್ಲ. ಎರಡು ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದ ಗ್ರಾಫಿಕ್ಸ್ ಪುಟಕ್ಕೆ ಹೋಗಿ ಆ ಗೇಮಿಗೆ ಹೈ ಪರ್ಫಾರ್ಮೆನ್ಸ್ ಆರಿಸಿ.

ಯಾರು ಯಾರಿಗಾಗಿ ಕಾಯುತ್ತಿದ್ದಾರೆ

ಇಡೀ ಕೆಲಸದ ಕೀಲಿಕೈ ಈ ಒಂದು ಪರೀಕ್ಷೆಯಲ್ಲಿದೆ. ಆಟದ ರೆಸಲ್ಯೂಶನ್ನನ್ನು ಅಥವಾ ರೆಂಡರ್ ಸ್ಕೇಲನ್ನು (ಒಳಗೆ ಚಿತ್ರ ಬಿಡಿಸುವ ಗಾತ್ರ) ಅರ್ಧಕ್ಕಿಳಿಸಿ, ಬೇರೇನನ್ನೂ ಮುಟ್ಟದೆ, ಅದೇ ದೃಶ್ಯವನ್ನು ಮತ್ತೆ ಅಳೆಯಿರಿ. ಎಫ್‌ಪಿಎಸ್ ಜಿಗಿದರೆ ತಡವಾಗುತ್ತಿದ್ದುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಏರದಿದ್ದರೆ, ಅಥವಾ ಒಂದೆರಡು ಮಾತ್ರ ಏರಿದರೆ, ಕಾರ್ಡ್ ಆಗಲೇ ಕೈಕಟ್ಟಿ ಕೂತಿತ್ತು ಎಂದರ್ಥ. ತಡವಾಗುತ್ತಿರುವುದು ಪ್ರೊಸೆಸರ್ ಅಥವಾ ರ‍್ಯಾಮ್‌ನಲ್ಲಿ.

ಜಿಪಿಯು ಬಳಕೆಯ ಅಂಕಿಯೂ ಇದನ್ನೇ ಹೇಳಬೇಕು. ಶೇ. 95ರಿಂದ 99 ಇದ್ದರೆ ಕಾರ್ಡೇ ಮಿತಿ, ಯಾವ ಎಫ್‌ಪಿಎಸ್ ಮಿತಿಯೂ ಇಲ್ಲದೆ ಶೇ. 60ರಲ್ಲಿ ತೂಗುತ್ತಿದ್ದರೆ ಅದಕ್ಕೆ ಕೆಲಸ ಸಿಗುತ್ತಿಲ್ಲ. ಆದರೆ ಪ್ರೊಸೆಸರಿನ ಒಟ್ಟು ಬಳಕೆಯನ್ನು ನೋಡಿ ಮೋಸಹೋಗಬೇಡಿ. 8 ಕೋರ್, 16 ಥ್ರೆಡ್ಡಿನ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ತುಂಬಿದರೂ ಒಟ್ಟು ಅಂಕಿಯಲ್ಲಿ ಅದು ಶೇ. 6ರಷ್ಟೇ. ಆಟದ ಮುಖ್ಯ ಥ್ರೆಡ್ ಉಸಿರುಗಟ್ಟಿ ದುಡಿಯುತ್ತಿರುವಾಗಲೂ ಟಾಸ್ಕ್ ಮ್ಯಾನೇಜರ್ ಶೇ. 30 ಎಂದು ತೋರಿಸಬಹುದು.

ಗ್ರಾಫಿಕ್ಸ್ ಕಾರ್ಡ್ ತಡೆಯಾಗಿದ್ದರೆ

ಕಾರ್ಡ್ ಶೇ. 99 ಬಳಕೆಯಲ್ಲಿದ್ದು, ಕ್ಲಾಕ್ ಕೂಡ ಅದರ ಬೂಸ್ಟ್ ಅಂಕಿಯ (ತಯಾರಕರು ಹೇಳಿದ ಏರುವೇಗದ) ಆಸುಪಾಸಿನಲ್ಲಿದ್ದರೆ ಅದು ಆರೋಗ್ಯವಾಗಿದೆ, ಹೊರೆ ಜಾಸ್ತಿಯಾಗಿದೆ ಅಷ್ಟೆ. ಹೊರೆ ಇಳಿಸುವಾಗ ಎಲ್ಲವನ್ನೂ ಲೋ ಮಾಡಿ ಚಿತ್ರ ಕೆಡಿಸಿಕೊಳ್ಳಬೇಡಿ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ), ನೆರಳು, ಮಂಜು ಮತ್ತು ಮೋಡಗಳ ವಾಲ್ಯೂಮೆಟ್ರಿಕ್ ಗುಣಮಟ್ಟ, ಪ್ರತಿಬಿಂಬ ಇವೇ ಹೆಚ್ಚು ತಿನ್ನುವವು. ಇವನ್ನು ಒಂದೊಂದು ಮೆಟ್ಟಿಲು ಇಳಿಸಿ. ಆಮೇಲೆ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅಥವಾ ಎಕ್ಸ್‌ಇಎಸ್‌ಎಸ್‌ನ (ಚಿಕ್ಕ ಗಾತ್ರದಲ್ಲಿ ಬಿಡಿಸಿ ಹಿಗ್ಗಿಸುವ ವಿಧಾನಗಳು) ಕ್ವಾಲಿಟಿ ಹಂತ. ಫ್ರೇಮ್ ಜನರೇಶನ್ ಮಾತ್ರ ಮದ್ದಲ್ಲ. ಅದು ನಡುವೆ ಹೊಸ ಫ್ರೇಮ್ ಹೆಣೆದು ಅಂಕಿ ಹೆಚ್ಚಿಸುತ್ತದೆ, ಮೌಸಿನ ಸ್ಪಂದನವನ್ನು ಚುರುಕು ಮಾಡುವುದಿಲ್ಲ. ಮೂಲ ಫ್ರೇಮ್ ರೇಟ್ 60ರ ಹತ್ತಿರ ಇರುವಾಗ ಒಳ್ಳೆಯದು, 25ರಲ್ಲಿ ನರಳುತ್ತಿರುವ ಆಟಕ್ಕೆ ಹಚ್ಚಿದರೆ ಎಳೆದಾಡಿದಂತೆ ಅನಿಸುತ್ತದೆ.

ಬಳಕೆ ಶೇ. 99 ಇದ್ದೂ ಕ್ಲಾಕ್ ತೀರಾ ಕೆಳಗಿದ್ದರೆ ಅದು ನಿಜವಾದ ದೋಷ. ಜಿಪಿಯು-ಝಡ್ ತಂತ್ರಾಂಶದ ಸೆನ್ಸರ್ ಪುಟದಲ್ಲಿ ಪರ್ಫ್‌ಕ್ಯಾಪ್ ರೀಸನ್ ಎಂಬ ಸಾಲಿದೆ. ಎನ್‌ವಿಡಿಯಾ ಕಾರ್ಡ್ ಯಾವ ಕಾರಣಕ್ಕೆ ವೇಗ ತಡೆದಿದೆ ಎಂದು ಅದೇ ಹೇಳುತ್ತದೆ: ತಾಪವೋ, ವಿದ್ಯುತ್ತೋ, ವೋಲ್ಟೇಜೋ.

ತಾಪದ ವಿಷಯದಲ್ಲಿ ಎರಡು ಅಂಕಿ ನೋಡಿ. ಎನ್‌ವಿಡಿಯಾದ ಹಲವು ಕಾರ್ಡುಗಳು 83 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕ್ಲಾಕ್ ಇಳಿಸತೊಡಗುತ್ತವೆ, ಎಎಂಡಿ ಕಾರ್ಡುಗಳ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಮಿತಿ ಸಾಮಾನ್ಯವಾಗಿ 110. ಅದಕ್ಕಿಂತ ಮುಖ್ಯವಾದದ್ದು ಕೋರ್ ತಾಪಕ್ಕೂ ಹಾಟ್‌ಸ್ಪಾಟಿಗೂ ಇರುವ ಅಂತರ. 10ರಿಂದ 20 ಡಿಗ್ರಿ ಸಹಜ. 30 ದಾಟಿದರೆ ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಅಂಚಿಗೆ ಸರಿದಿರುವ ಅಥವಾ ಒಣಗಿರುವ ಸಾಧ್ಯತೆ ಹೆಚ್ಚು. ಕಾರ್ಡ್ ಬಿಚ್ಚುವ ಮೊದಲು ಕ್ಯಾಬಿನೆಟ್ಟಿನ ಪಕ್ಕದ ಫಲಕ ತೆಗೆದು ಅದೇ ಆಟ ಹದಿನೈದು ನಿಮಿಷ ಆಡಿ. ತಾಪ 5ರಿಂದ 10 ಡಿಗ್ರಿ ಇಳಿದರೆ ಕಾರ್ಡಿನ ತಪ್ಪಿಲ್ಲ, ಒಳಗೆ ಗಾಳಿ ಆಡುತ್ತಿಲ್ಲ. ಮುಂದಿನ ಜಾಲರಿಯ ದೂಳು ತೆಗೆಯಿರಿ, ಫ್ಯಾನುಗಳು ಸರಿಯಾದ ದಿಕ್ಕಿಗಿವೆಯೇ ನೋಡಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ವಿದ್ಯುತ್ತಿನ ಲೆಕ್ಕ ಸರಳ. ಪಿಸಿಐಇ ಸ್ಲಾಟ್ (ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಜಾಗ) 75 ವ್ಯಾಟ್ ಕೊಡುತ್ತದೆ, ಒಂದೊಂದು 8 ಪಿನ್ ಕನೆಕ್ಟರಿಗೆ 150 ವ್ಯಾಟ್ ನಿಗದಿಯಾಗಿದೆ. ಕಾರ್ಡಿಗೆ ಎರಡು 8 ಪಿನ್ ಬೇಕಿದ್ದರೆ ಒಂದೇ ಕೇಬಲ್ಲಿನ ಕವಲನ್ನು ಎರಡಕ್ಕೂ ಸಿಕ್ಕಿಸದೆ ಪವರ್ ಸಪ್ಲೈನಿಂದ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ. ಭಾರಿ ದೃಶ್ಯದಲ್ಲಿ ಯಂತ್ರ ತಟ್ಟನೆ ಆರಿಹೋಗಿ ಮತ್ತೆ ಶುರುವಾಗುತ್ತಿದ್ದರೆ ಮೊದಲ ಅನುಮಾನ ಪವರ್ ಸಪ್ಲೈ ಮೇಲೆ.

ಸ್ಲಾಟಿನ ವೇಗವನ್ನೂ ಜಿಪಿಯು-ಝಡ್ ತೋರಿಸುತ್ತದೆ. ಸುಮ್ಮನಿರುವಾಗ ಕಾರ್ಡ್ ವಿದ್ಯುತ್ ಉಳಿಸಲು ಪಿಸಿಐಇ 1.1ಕ್ಕೆ ಇಳಿದಿರುತ್ತದೆ, ಗಾಬರಿ ಬೇಡ. ಆ ಸಾಲಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿ ಆಮೇಲೆ ಓದಿ. 16 ಲೇನ್ (ಮಾಹಿತಿ ಸಾಗುವ ಸಾಲು) ಇರಬೇಕಾದ ಕಡೆ 4 ಎಂದು ಕಂಡರೆ ಕಾರ್ಡ್ ಕೆಳಗಿನ ಸ್ಲಾಟಿನಲ್ಲಿದೆ, ಇಲ್ಲವೇ ಪೂರ್ತಿ ಕೂತಿಲ್ಲ. ಕೆಲವು ಕಾರ್ಡುಗಳಿಗೆ ಹುಟ್ಟಿನಿಂದಲೇ ಲೇನ್ ಕಡಿಮೆ: ಆರ್‌ಎಕ್ಸ್ 6600ಕ್ಕೆ 8, ಆರ್‌ಎಕ್ಸ್ 6500 ಎಕ್ಸ್‌ಟಿಗೆ 4. ಎರಡನೆಯದನ್ನು ಹಳೆಯ ಪಿಸಿಐಇ 3.0 ಬೋರ್ಡಿಗೆ ಹಾಕಿದರೆ ನಷ್ಟ ಎದ್ದು ಕಾಣುತ್ತದೆ. ಇಂಟೆಲ್ ಆರ್ಕ್ ಕಾರ್ಡ್ ಆದರೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳ ತಂತ್ರಾಂಶ) ರಿಸೈಜಬಲ್ ಬಾರ್ (ಪ್ರೊಸೆಸರ್ ಇಡೀ ವಿಡಿಯೋ ಮೆಮೊರಿಯನ್ನು ಒಮ್ಮೆಗೇ ತಲುಪುವ ಸೌಲಭ್ಯ) ಕಡ್ಡಾಯವಾಗಿ ಆನ್ ಇರಲಿ, ಅದಿಲ್ಲದೆ ಆ ಕಾರ್ಡುಗಳು ಕುಂಟುತ್ತವೆ.

ವಿಡಿಯೋ ಮೆಮೊರಿ ತುಂಬಿದಾಗಿನ ಲಕ್ಷಣವನ್ನು ಒಮ್ಮೆ ಗುರುತಿಸಲು ಕಲಿತರೆ ಮರೆಯುವುದಿಲ್ಲ. ಆಟ ಶುರುವಾದಾಗ ಚೆನ್ನಾಗಿರುತ್ತದೆ, ಹತ್ತಿಪ್ಪತ್ತು ನಿಮಿಷದ ನಂತರ ಸರಕ್ಕನೆ ತಿರುಗಿದಾಗಲೆಲ್ಲ ಮುಗ್ಗರಿಸುತ್ತದೆ, ಗೋಡೆಯ ಮೇಲಿನ ಬರಹ ಮಸುಕಾಗಿ ಕಾಣುತ್ತದೆ, ತಾಪ ಮಾತ್ರ ಸರಿಯಾಗಿಯೇ ಇರುತ್ತದೆ. ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟದಲ್ಲಿ ಡೆಡಿಕೇಟೆಡ್ ಮೆಮೊರಿ ಅಂಚಿಗೆ ತಾಗಿ, ಶೇರ್ಡ್ ಮೆಮೊರಿ ಏರುತ್ತಿದ್ದರೆ ಖಚಿತ. ಕಾರಣ ಇಷ್ಟು: ಆರ್‌ಟಿಎಕ್ಸ್ 4060ರ ಸ್ವಂತ ಮೆಮೊರಿ ಸೆಕೆಂಡಿಗೆ 272 ಜಿಬಿ ಸಾಗಿಸುತ್ತದೆ, 16 ಲೇನಿನ ಪಿಸಿಐಇ 4.0 ದಾರಿಯಲ್ಲಿ ಬರುವುದು ಸುಮಾರು 32 ಜಿಬಿ, ಆ ಕಾರ್ಡಿಗಿರುವ 8 ಲೇನಿನಲ್ಲಿ ಅದರ ಅರ್ಧ. ಒಳಗೆ ಜಾಗ ಸಾಲದೆ ರ‍್ಯಾಮ್‌ಗೆ ಚೆಲ್ಲಿದ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಈ ಇಕ್ಕಟ್ಟಾದ ದಾರಿಯಲ್ಲಿ ಹೋಗಿಬರಬೇಕು. ಟೆಕ್ಸ್ಚರ್ ಗುಣಮಟ್ಟ ಒಂದೇ ಮೆಟ್ಟಿಲು ಇಳಿಸಿದರೆ ಸಾಕು. ಮೆಮೊರಿ ಸಾಕಷ್ಟಿದ್ದಾಗ ಟೆಕ್ಸ್ಚರ್ ಸೆಟ್ಟಿಂಗ್ ಎಫ್‌ಪಿಎಸ್ ಅನ್ನು ಹೆಚ್ಚು ತಿನ್ನುವುದಿಲ್ಲ, ಹಾಗಾಗಿ ಈ ದೋಷವಿಲ್ಲದವರು ಅದನ್ನು ಇಳಿಸಬೇಕಾಗಿಲ್ಲ.

ಪ್ರೊಸೆಸರ್ ಅಥವಾ ರ‍್ಯಾಮ್ ತಡೆಯಾಗಿದ್ದರೆ

ಇಲ್ಲಿ ಮೊದಲು ರ‍್ಯಾಮ್. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ವೇಗ ನೋಡಿ. 3200ರ ಡಿಡಿಆರ್4 ಕೊಂಡಿದ್ದರೂ ಅಲ್ಲಿ 2133 ಅಥವಾ 2400 ಇರಬಹುದು, 6000ದ ಡಿಡಿಆರ್5 ಇದ್ದರೂ 4800 ಇರಬಹುದು. ಪೆಟ್ಟಿಗೆಯ ಮೇಲೆ ಬರೆದ ವೇಗ ತಾನಾಗಿ ಬರುವುದಿಲ್ಲ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವೇಗದ ಪ್ರೊಫೈಲ್ ಆನ್ ಮಾಡಬೇಕು. ಸಿಪಿಯು-ಝಡ್ ತಂತ್ರಾಂಶ ಆ ವೇಗದ ಅರ್ಧವನ್ನು ತೋರಿಸುತ್ತದೆ, 1600 ಕಂಡರೆ 3200 ಎಂದೇ ಲೆಕ್ಕ. ಡಿಡಿಆರ್5 ಬೋರ್ಡಿನಲ್ಲಿ ಎಕ್ಸ್‌ಪೋ ಹಾಕಿದ ಮೇಲಿನ ಮೊದಲ ಬೂಟ್‌ಗೆ ಕೆಲವು ನಿಮಿಷ ಹಿಡಿಯಬಹುದು. ತೆರೆ ಕಪ್ಪಾಗಿದೆಯೆಂದು ಸ್ವಿಚ್ ಆರಿಸಬೇಡಿ, ಬೋರ್ಡ್ ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಿರುತ್ತದೆ.

ಎರಡನೆಯದು ಚಾನೆಲ್. 16 ಜಿಬಿಯ ಒಂದೇ ಕಡ್ಡಿ ಇದ್ದರೆ ದಾರಿ ಒಂದೇ, 8 ಜಿಬಿಯ ಎರಡು ಇದ್ದರೆ ದಾರಿ ಎರಡು. ನಾಲ್ಕು ಸ್ಲಾಟಿನ ಹೆಚ್ಚಿನ ಬೋರ್ಡುಗಳಲ್ಲಿ ಎರಡು ಕಡ್ಡಿಗಳು ಪ್ರೊಸೆಸರಿನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹೋಗಬೇಕು. ಪಕ್ಕಪಕ್ಕದಲ್ಲಿ ಹಾಕಿದರೆ ಎರಡೂ ಒಂದೇ ದಾರಿಗೆ ಬೀಳುತ್ತವೆ. ಎರಡೂ ತಪ್ಪು ಸೇರಿದರೆ ಎಷ್ಟು ನಷ್ಟ ನೋಡಿ: 2133ರ ಒಂದು ಚಾನೆಲ್ ಸೆಕೆಂಡಿಗೆ 17 ಜಿಬಿ, 3200ರ ಎರಡು ಚಾನೆಲ್ 51 ಜಿಬಿ. ದುಡ್ಡು ಖರ್ಚಿಲ್ಲದೆ ಮೂರು ಪಟ್ಟು! 1% ಲೋ ಅಂಕಿಯಲ್ಲಿ ಇದರ ಫಲ ಚೆನ್ನಾಗಿ ಕಾಣುತ್ತದೆ.

ನಂತರ ಪ್ರೊಸೆಸರ್ ಕ್ಲಾಕ್. ಆಟದ ನಡುವೆ ಅದು ಬೇಸ್ ಕ್ಲಾಕಿಗಿಂತ ಕೆಳಗಿಳಿದರೆ ತಾಪ ನೋಡಿ. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳ ಮಿತಿ ಸಾಮಾನ್ಯವಾಗಿ 100 ಡಿಗ್ರಿ. ರೈಜನ್ 7000 ಸಾಲಿನ ಎಕ್ಸ್ ಮಾದರಿಗಳು ಪೂರ್ಣ ಹೊರೆಯಲ್ಲಿ 95ರವರೆಗೆ ಹೋಗುವಂತೆಯೇ ರೂಪಿಸಲ್ಪಟ್ಟಿವೆ, ಆದರೆ ಬರೀ ಗೇಮಿನಲ್ಲಿ ಅಷ್ಟು ಮುಟ್ಟಿದರೆ ಕೂಲರ್ ಕಡೆ ಗಮನ ಕೊಡಬೇಕು. ಹೊಸದಾಗಿ ಜೋಡಿಸಿದ ಯಂತ್ರದಲ್ಲಿ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ತೆಗೆಯದೇ ಬಿಟ್ಟಿರುವುದು, ಲಿಕ್ವಿಡ್ ಕೂಲರಿನ ಪಂಪ್ ವೈರ್ ಸಿಕ್ಕಿಸದಿರುವುದು ಎರಡೂ ಆಗುತ್ತಿರುತ್ತವೆ. ತಾಪ ತಣ್ಣಗಿದ್ದೂ ಲ್ಯಾಪ್‌ಟಾಪಿನ ಕ್ಲಾಕ್ 400 ಅಥವಾ 800 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿಕೊಂಡಿದ್ದರೆ ಅದು “ಬಿ.ಡಿ. ಪ್ರೊಕ್‌ಹಾಟ್” (BD PROCHOT) ಎಂಬ ರಕ್ಷಣಾ ಸಂಕೇತದ ಕೆಲಸ. ಚಾರ್ಜರನ್ನು ಗುರುತಿಸಲಾಗದಿದ್ದಾಗ ಅಥವಾ ಬೋರ್ಡಿನ ಒಂದು ಸೆನ್ಸರ್ ಕೆಟ್ಟಾಗ ಬೋರ್ಡೇ ಪ್ರೊಸೆಸರಿನ ಕತ್ತು ಹಿಡಿಯುತ್ತದೆ. ಮೊದಲು ಮೂಲ ಚಾರ್ಜರಿನಲ್ಲಿ ಪರೀಕ್ಷಿಸಿ.

ವಿಂಡೋಸ್ 11ರ ಕೋರ್ ಐಸೊಲೇಶನ್ ಪುಟದಲ್ಲಿರುವ ಮೆಮೊರಿ ಇಂಟಿಗ್ರಿಟಿ ಕೆಲವು ಆಟಗಳಲ್ಲಿ ವೇಗ ತಗ್ಗಿಸುತ್ತದೆ ಎಂದು ಮೈಕ್ರೋಸಾಫ್ಟೇ ಒಪ್ಪಿದೆ. ಆರಿಸಿ ಅಳೆದು ನೋಡಬಹುದು. ಆದರೆ ಅದು ಭದ್ರತೆಯ ವ್ಯವಸ್ಥೆ, ಅಂತರ ಕಾಣದಿದ್ದರೆ ಮತ್ತೆ ಹಚ್ಚಿಬಿಡಿ. ರೈಜನ್ 9 7950ಎಕ್ಸ್3ಡಿ ಥರದ ಎರಡು ಭಾಗದ ಪ್ರೊಸೆಸರಿನಲ್ಲಿ ಹೆಚ್ಚುವರಿ ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಒಂದು ಭಾಗಕ್ಕೆ ಮಾತ್ರ ಇದೆ. ಆಟವನ್ನು ಅಲ್ಲಿಗೇ ಕಳಿಸಲು ಎಎಂಡಿ ಚಿಪ್‌ಸೆಟ್ ಡ್ರೈವರ್ ಮತ್ತು ವಿಂಡೋಸ್‌ನ ಗೇಮ್ ಬಾರ್ ಎರಡೂ ಇರಬೇಕು. ವೇಗ ಹೆಚ್ಚಲೆಂದು ಗೇಮ್ ಬಾರ್ ಕಿತ್ತುಹಾಕಿದವರಿಗೆ ಅಲ್ಲಿ ಉಲ್ಟಾ ಫಲ ಸಿಗುತ್ತದೆ.

ಪ್ರೊಸೆಸರ್ ನಿಜಕ್ಕೂ ಸಾಲದಿದ್ದರೆ ರೆಸಲ್ಯೂಶನ್ ಇಳಿಸಿ ಪ್ರಯೋಜನವಿಲ್ಲ. ಜನಸಂದಣಿ, ದೂರದೃಶ್ಯ, ಭೌತಿಕ ಸಿಮ್ಯುಲೇಶನ್ ಇವನ್ನು ಇಳಿಸಿ. ರೇ ಟ್ರೇಸಿಂಗ್ ಕಾರ್ಡಿಗೆ ಮಾತ್ರ ಭಾರ ಎಂಬುದು ತಪ್ಪು ತಿಳಿವಳಿಕೆ, ಪ್ರೊಸೆಸರಿಗೂ ಅದು ಕೆಲಸ ಹೆಚ್ಚಿಸುತ್ತದೆ.

ಸರಾಸರಿ ಚೆನ್ನಾಗಿದ್ದೂ ಮುಗ್ಗರಿಸಿದರೆ

ಇಲ್ಲಿ ಕಾಲವೇ ಸಾಕ್ಷಿ. ಯಾವಾಗ ಮುಗ್ಗರಿಸುತ್ತದೆ ಎಂದು ಬರೆದಿಡಿ.

ಹೊಸ ಜಾಗ, ಹೊಸ ಸ್ಫೋಟ, ಹೊಸ ಶತ್ರು ಮೊದಲ ಸಲ ಕಂಡಾಗ ಮಾತ್ರ ನಿಂತು, ಅದೇ ಜಾಗಕ್ಕೆ ಎರಡನೇ ಸಲ ಹೋದಾಗ ಸರಾಗವಾದರೆ ಅದು ಶೇಡರ್ (ಚಿತ್ರ ಬಿಡಿಸುವುದು ಹೇಗೆಂದು ಕಾರ್ಡಿಗೆ ಹೇಳುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗುತ್ತಿರುವುದು, ಅಂದರೆ ಸಿದ್ಧವಾಗುತ್ತಿರುವುದು. ಡ್ರೈವರ್ ಬದಲಿಸಿದ ಮೇಲೆ ಹಳೆಯ ಶೇಡರ್ ಸಂಗ್ರಹ ಕೆಲಸಕ್ಕೆ ಬಾರದೆ ಇದು ಮರುಕಳಿಸುತ್ತದೆ. ಮೆನುವಿನಲ್ಲಿ ಆಟವೇ ಶೇಡರ್ ಸಿದ್ಧಪಡಿಸುತ್ತಿದ್ದರೆ ಪೂರ್ತಿ ಮುಗಿಯಲು ಬಿಡಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಶೇಡರ್ ಕ್ಯಾಶ್ ಗಾತ್ರವನ್ನು 10 ಜಿಬಿಗೆ ಏರಿಸಿ. ಶೇಡರ್ ಹಂತದಲ್ಲೇ ಆಟ ಬಿದ್ದುಹೋಗಿ, ಮೆಮೊರಿ ಬೇಕಾದಷ್ಟಿದ್ದೂ “ವಿಡಿಯೋ ಮೆಮೊರಿ ಸಾಲದು” ಎಂಬ ಸಂದೇಶ ಬಂದರೆ, ಮತ್ತು ಪ್ರೊಸೆಸರ್ ಇಂಟೆಲ್‌ನ 13 ಅಥವಾ 14ನೇ ತಲೆಮಾರಿನದ್ದಾದರೆ, ಬಯೋಸ್ ಮೊದಲು ನವೀಕರಿಸಿ. ಹೆಚ್ಚಿನ ವೋಲ್ಟೇಜಿನಿಂದ ಆ ಚಿಪ್ಪುಗಳು ಹಾನಿಗೊಳ್ಳುವುದನ್ನು ತಡೆಯುವ ಮೈಕ್ರೋಕೋಡ್ (ಪ್ರೊಸೆಸರಿನ ಒಳ ಸೂಚನೆಗಳು) 2024ರಲ್ಲಿ ಬಂತು. ಆಗಲೇ ಹಾನಿಯಾಗಿದ್ದರೆ ನವೀಕರಣ ಅದನ್ನು ವಾಸಿಮಾಡದು, ವಾರಂಟಿಯಲ್ಲಿ ಬದಲಾಯಿಸಿಕೊಳ್ಳಬೇಕು.

ವೇಗವಾಗಿ ಸಾಗುವಾಗ, ಮುಖ್ಯವಾಗಿ ವಿಶಾಲ ಜಗತ್ತಿನ ಆಟಗಳಲ್ಲಿ, ಪ್ರತಿ ಸಲವೂ ಒಂದೇ ಗಡಿಯಲ್ಲಿ ನಿಂತರೆ ಡಿಸ್ಕ್ ಕಡೆ ನೋಡಿ. ಹಾರ್ಡ್ ಡಿಸ್ಕಿನಲ್ಲಿದ್ದರೆ ಎಸ್‌ಎಸ್‌ಡಿಗೆ ಸರಿಸಿ, ಎಸ್‌ಎಸ್‌ಡಿ ಕಿಕ್ಕಿರಿದಿದ್ದರೆ ಶೇ. 10ರಿಂದ 15 ಖಾಲಿ ಮಾಡಿ. ಎಸ್‌ಎಸ್‌ಡಿಯಲ್ಲೂ ಬದಲಾಗದಿದ್ದರೆ ಅದು ಆಟದ ಎಂಜಿನ್ನಿನ ದೋಷ, ಪ್ಯಾಚ್ ಬರುವವರೆಗೆ ಯಾವ ಸೆಟ್ಟಿಂಗೂ ಪೂರ್ತಿ ಸರಿಮಾಡದು.

ಗಡಿಯಾರ ಇಟ್ಟಂತೆ ಕೆಲವು ಸೆಕೆಂಡಿಗೊಮ್ಮೆ ಮುಗ್ಗರಿಸಿದರೆ ಹಿನ್ನೆಲೆಯಲ್ಲಿ ಯಾರೋ ಬಾಗಿಲು ತಟ್ಟುತ್ತಿದ್ದಾರೆ: ಬಣ್ಣದ ದೀಪ ನಿಯಂತ್ರಿಸುವ ತಂತ್ರಾಂಶ, ಸೆನ್ಸರ್ ಓದುವ ಎರಡು ತಂತ್ರಾಂಶಗಳು ಒಟ್ಟಿಗೆ, ಓವರ್‌ಲೇ, ಹಿನ್ನೆಲೆ ರೆಕಾರ್ಡಿಂಗ್. ಒಂದೊಂದಾಗಿ ಮುಚ್ಚಿ ಅಳೆಯಿರಿ. ಮೌಸ್ ಅಲ್ಲಾಡಿಸಿದಾಗ ಮಾತ್ರ ಮುಗ್ಗರಿಸಿದರೆ ಪೋಲಿಂಗ್ ರೇಟನ್ನು (ಮೌಸ್ ಸೆಕೆಂಡಿಗೆ ಎಷ್ಟು ಸಲ ವರದಿ ಮಾಡುತ್ತದೆ) 8000ದಿಂದ 1000ಕ್ಕೆ ಇಳಿಸಿ. ಮುಗ್ಗರಿಸುವುದರ ಜೊತೆ ಶಬ್ದವೂ ಚಿಟಚಿಟ ಎಂದು ಒಡೆದರೆ ಯಾವ ಡ್ರೈವರ್ ತಡಮಾಡುತ್ತಿದೆ ಎಂದು ತೋರಿಸುವ ಲೇಟೆನ್ಸಿಮಾನ್ ಓಡಿಸಿ; ವೈ-ಫೈ ಅಥವಾ ಆಡಿಯೋ ಡ್ರೈವರ್ ಹೆಸರು ಅಲ್ಲಿ ಮೇಲೆ ಬರುವುದು ಸಾಮಾನ್ಯ. ಹಳೆಯ ಬಯೋಸ್ ಇರುವ ರೈಜನ್ ಯಂತ್ರಗಳಲ್ಲಿ ಎಫ್‌ಟಿಪಿಎಂ (ಪ್ರೊಸೆಸರಿನಲ್ಲೇ ಇರುವ ಭದ್ರತಾ ವ್ಯವಸ್ಥೆ) ಕಾರಣಕ್ಕೂ ಹೀಗಾಗುತ್ತಿತ್ತು. ಎಎಂಡಿ 2022ರಲ್ಲಿ ಅದನ್ನು ಒಪ್ಪಿಕೊಂಡು ಬಯೋಸ್ ಮೂಲಕ ಸರಿಪಡಿಸಿತು.

ಫ್ರೇಮ್ ರೇಟಿಗೆ ತಕ್ಕಂತೆ ರಿಫ್ರೆಶ್ ಬದಲಿಸುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ತೆರೆಯಲ್ಲಿ ಎಫ್‌ಪಿಎಸ್ ರಿಫ್ರೆಶ್ ರೇಟಿನ ಅಂಚಿಗೆ ತಾಗಿ ಹಾರಾಡುತ್ತಿದ್ದರೆ ಮಿತಿಯನ್ನು ಸ್ವಲ್ಪ ಕೆಳಗಿಡಿ. 144 ಹರ್ಟ್ಸ್‌ಗೆ 138ರಿಂದ 141 ಸರಿಹೋಗುತ್ತದೆ.

ಡ್ರೈವರ್, ಮತ್ತು ಮಾಡಬಾರದ ಕೆಲಸಗಳು

ಡ್ರೈವರ್ ನವೀಕರಿಸಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ, ಅಥವಾ ಕಾರ್ಡಿನ ಕಂಪನಿ ಬದಲಾಗಿದ್ದರೆ ಮಾತ್ರ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಬಳಸಿ. ಬೇಕಾದ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಂಡು, ಇಂಟರ್ನೆಟ್ ಕೇಬಲ್ ತೆಗೆದು, ಸೇಫ್ ಮೋಡಿನಲ್ಲಿ ಅಳಿಸಿ. ಸಂಪರ್ಕ ಇದ್ದರೆ ವಿಂಡೋಸ್ ನಡುವೆ ನುಗ್ಗಿ ತನ್ನದೇ ಡ್ರೈವರ್ ಹಾಕಿಬಿಡುತ್ತದೆ.

ಎಫ್‌ಪಿಎಸ್ ಬೂಸ್ಟರ್, ರ‍್ಯಾಮ್ ಕ್ಲೀನರ್, ರಿಜಿಸ್ಟ್ರಿ ಕ್ಲೀನರ್ ಎಂಬ ಹೆಸರಿನವು ಯಾವುವೂ ಬೇಡ. ರ‍್ಯಾಮ್ ಬಲವಂತವಾಗಿ ಖಾಲಿ ಮಾಡಿದರೆ ಆಟಕ್ಕೆ ಬೇಕಾದದ್ದನ್ನೇ ಮತ್ತೆ ಡಿಸ್ಕಿನಿಂದ ಓದಬೇಕಾಗಿ ಮುಗ್ಗರಿಸುವುದು ಹೆಚ್ಚುತ್ತದೆ. ಮೆಮೊರಿಗೆ ಆಸರೆಯಾಗಿ ಡಿಸ್ಕಿನಲ್ಲಿರುವ ಪೇಜ್ ಫೈಲನ್ನೂ ತೆಗೆಯಬೇಡಿ. ರ‍್ಯಾಮ್ ಉಳಿದಿರುವಂತೆ ಕಂಡರೂ ಆಟಗಳು ಮುಂಗಡವಾಗಿ ಕಾದಿರಿಸುವ ಮೆಮೊರಿಗೆ ಅದು ಬೇಕು, ಇಲ್ಲದಿದ್ದರೆ ಆಟ ನಡುವೆಯೇ ಬೀಳುತ್ತದೆ.

ಇಷ್ಟಾದರೂ ಸಿಗದಿದ್ದರೆ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ (ಯಂತ್ರಾಂಶದ ದೋಷ ದಾಖಲಿಸುವ ವಿಂಡೋಸ್ ಭಾಗ) ಹೆಸರಿನ ನಮೂದುಗಳನ್ನು ಹುಡುಕಿ. 17ರ ಸಂಖ್ಯೆಯವು ಸಾಲುಗಟ್ಟಿದ್ದರೆ ಪಿಸಿಐಇ ದಾರಿಯಲ್ಲಿ ದೋಷ ತಿದ್ದುಪಡಿ ನಡೆಯುತ್ತಿರಬಹುದು. ರೈಸರ್ ಕೇಬಲ್ (ಕಾರ್ಡನ್ನು ದೂರದಿಂದ ಸ್ಲಾಟಿಗೆ ಜೋಡಿಸುವ ತಂತಿ) ಇದ್ದರೆ ತೆಗೆದು ಕಾರ್ಡನ್ನು ನೇರವಾಗಿ ಬೋರ್ಡಿಗೆ ಕೂರಿಸಿ, ಇಲ್ಲವೇ ಬಯೋಸ್‌ನಲ್ಲಿ ಆ ಸ್ಲಾಟನ್ನು 4.0ಯಿಂದ 3.0ಗೆ ಇಳಿಸಿ ಮತ್ತೆ ಅಳೆಯಿರಿ. ರ‍್ಯಾಮ್ ಮೇಲೆ ಅನುಮಾನವಿದ್ದರೆ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ಕಂಡರೂ ಎಕ್ಸ್‌ಎಂಪಿ ಆರಿಸಿ ಮತ್ತೊಮ್ಮೆ ಓಡಿಸಿ. ಆಗಲೂ ದೋಷ ಬಂದರೆ ಒಂದೊಂದೇ ಕಡ್ಡಿ ಹಾಕಿ ಪರೀಕ್ಷಿಸಿ, ತಪ್ಪು ತೋರಿಸಿದ ಕಡ್ಡಿಯನ್ನು ಇನ್ನೊಂದು ಸ್ಲಾಟಿನಲ್ಲೂ ಹಾಕಿ ನೋಡಿ. ತಪ್ಪು ಕಡ್ಡಿಯ ಜೊತೆಗೆ ಹೋದರೆ ಕಡ್ಡಿಯದ್ದು, ಸ್ಲಾಟಿನಲ್ಲೇ ಉಳಿದರೆ ಬೋರ್ಡಿನದ್ದು ಅಥವಾ ಪ್ರೊಸೆಸರ್ ಸಾಕೆಟ್ಟಿನ ಬಾಗಿದ ಪಿನ್ನಿನದ್ದು.